ಪೆಡಲ್ ಸದ್ದು ಮಾಡದಿದ್ದರೆ ಮೊದಲು ಬೆಸುಗೆ ಐರನ್ ಹಿಡಿಯಬೇಡಿ

ಗಿಟಾರ್ ಪೆಡಲ್ ಕಿಟ್ ತರಿಸಿಕೊಂಡು ಮೊದಲ ಸಲ ಬೆಸುಗೆಗೆ ಕೂತಿದ್ದೀರಾ? ಹಾಗಾದರೆ ನಾನು ಹಾಳು ಮಾಡಿಕೊಂಡ ಬೋರ್ಡಿನ ಕಥೆ ಓದಿಬಿಡಿ. ನನ್ನ ಮೊದಲ ತಪ್ಪು ತೀರಾ ಸಣ್ಣದು. ಬೋರ್ಡ್ ಕೆಟ್ಟಿದ್ದು ಅದನ್ನು ಸರಿ ಮಾಡೋಕೆ ಹೋದಾಗ.

ಅದು ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್. ಸದ್ದು ಹಿಗ್ಗಿಸೋಕೆ ಟಿಎಲ್072 ಐಸಿ, ಜೊತೆಗೆ ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಎರಡು ಸಂಜೆಯ ಕೆಲಸ. ಕೇಬಲ್ ಚುಚ್ಚಿ ಸ್ವಿಚ್ ತುಳಿದೆ. ಎಲ್‌ಇಡಿ ಹತ್ತಿತು, ಸದ್ದು ನಿಂತಿತು. ಇನ್ನೊಮ್ಮೆ ತುಳಿದರೆ ಗಿಟಾರಿನ ಮಾಮೂಲಿ ಸದ್ದು. ಅಂದರೆ ಜ್ಯಾಕ್ ಸರಿ ಇದೆ, ತೊಂದರೆ ಬೋರ್ಡಿನಲ್ಲೋ ಅದಕ್ಕೆ ಹೋಗುವ ವೈರಿನಲ್ಲೋ ಇದೆ. ಇಷ್ಟು ಯೋಚಿಸುವ ತಾಳ್ಮೆ ಆಗ ಇರಲಿಲ್ಲ ಬಿಡಿ.

ಬೋರ್ಡ್ ತಿರುಗಿಸಿದೆ. ಬೆಸುಗೆಗಳೆಲ್ಲ ಮಂಕು ಬೂದಿ ಬಣ್ಣ. ಮಂಕಾಗಿದ್ದರೆ ಕೋಲ್ಡ್ ಜಾಯಿಂಟ್ (ಸರಿಯಾಗಿ ಹಿಡಿಯದ ಬೆಸುಗೆ) ಅಂತ ಎಲ್ಲೋ ಓದಿದ್ದು ತಲೆಯಲ್ಲಿ ಕೂತಿತ್ತು. ಒಂದು ಕಡೆಯಿಂದ ಎಲ್ಲವನ್ನೂ ಮತ್ತೆ ಕಾಯಿಸುತ್ತಾ ಹೋದೆ. ಆ ಮಾತು ಸೀಸ ಬೆರೆತ ಸೋಲ್ಡರಿಗೆ (ಬೆಸುಗೆಯ ಲೋಹದ ತಂತಿಗೆ) ಒಪ್ಪುತ್ತೆ. ನನ್ನ ಕೈಯಲ್ಲಿದ್ದದ್ದು ಸೀಸ ಇಲ್ಲದ್ದು. ಅದು ಸರಿಯಾಗಿ ಕೂತಾಗಲೂ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತೆ! ಬಣ್ಣಕ್ಕಿಂತ ಆಕಾರ ನೋಡಬೇಕಿತ್ತು. ಸೋಲ್ಡರ್ ಪ್ಯಾಡಿನ (ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆಯ) ತುಂಬ ಹರಡಿ, ಬಿಡಿಭಾಗದ ಕಾಲಿನ ಸುತ್ತ ಇಳಿಜಾರಾಗಿ ಹತ್ತಿದ್ದರೆ ಅದನ್ನು ಮುಟ್ಟಬೇಡಿ. ಮಣಿಯ ಹಾಗೆ ಉಂಡೆಯಾಗಿ ಕೂತಿದ್ದರೆ, ಇಲ್ಲವೇ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಆಗ ಕಾಯಿಸಿ. ಆಗಲೂ ಐರನ್ನಿನ ತುದಿ, ಅಂದರೆ ಬಿಟ್, ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಬೇಕು, ಸೋಲ್ಡರನ್ನು ಆ ಸಂದಿಗೆ ಕೊಡಬೇಕು. ಎರಡು ಮೂರು ಸೆಕೆಂಡ್ ಸಾಕು. ಬಿಟ್ ಮೇಲೆ ಕರಗಿಸಿಕೊಂಡು ತಂದು ಮೆತ್ತಿದರೆ ಸೋಲ್ಡರಿನ ಒಳಗಿನ ಫ್ಲಕ್ಸ್ (ಲೋಹ ಹರಡಿ ಹಿಡಿಯಲು ನೆರವಾಗುವ ಪದಾರ್ಥ) ದಾರಿಯಲ್ಲೇ ಹೊಗೆಯಾಗಿ ಹೋಗಿರುತ್ತೆ.

ನಾನು ಒಂದೊಂದಕ್ಕೂ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಸೀಸ ಬೆರೆತ 60/40 ಸೋಲ್ಡರ್ 183 ಡಿಗ್ರಿಗೇ ಕರಗಲು ಶುರು. ಸೀಸ ಇಲ್ಲದ್ದಕ್ಕೆ ಸಾಮಾನ್ಯವಾಗಿ 217ರಿಂದ 227 ಡಿಗ್ರಿ ಬೇಕು. ಬೇಗ ಕರಗುತ್ತಿಲ್ಲ ಅಂತ ಐರನ್ನನ್ನು 450ಕ್ಕೆ ಏರಿಸಿದೆ. ನಿಜವಾಗಿ ಬಿಟ್ ಕಪ್ಪಗೆ ಸುಟ್ಟಿತ್ತು, ಶಾಖ ದಾಟುತ್ತಿರಲಿಲ್ಲ. ಚೆನ್ನಾಗಿ ಒರೆಸಿ ಹೊಸ ಸೋಲ್ಡರ್ ಸವರಿದ್ದರೆ 350ರಲ್ಲೇ ಆಗುತ್ತಿತ್ತು. ಅನುಮಾನಕ್ಕೆ ಒಂದು ಕೆಪಾಸಿಟರನ್ನು ಮೇಲಕ್ಕೆ ಎಳೆದೆ. ಗಾಯದ ಹಕ್ಕಳೆ ಎದ್ದ ಹಾಗೆ ಪ್ಯಾಡ್ ಕಾಲಿನ ಜೊತೆಗೇ ಕಿತ್ತುಕೊಂಡು ಬಂತು.

ಆಮೇಲೆ ಮಲ್ಟಿಮೀಟರ್ ನೆನಪಾಯಿತು. ಕಪ್ಪು ಪ್ರೋಬ್ ಗ್ರೌಂಡಿಗೆ ಇಟ್ಟೆ. ಐಸಿಯ 8ನೇ ಕಾಲಿನಲ್ಲಿ 9 ವೋಲ್ಟ್ ಇತ್ತು. ಈ ಸರ್ಕ್ಯೂಟಿನಲ್ಲಿ ಎರಡು 10ಕೆ (10,000 ಓಮ್) ರೆಸಿಸ್ಟರ್ ಸೇರಿ ಆ 9ನ್ನು ಅರ್ಧ ಮಾಡಬೇಕು. ಅವು ಕೂಡುವ ಜಾಗದಲ್ಲಿ 4.5 ಇರಬೇಕಾದ ಕಡೆ ಇದ್ದದ್ದು 0.09! ಗ್ರೌಂಡ್ ಕಡೆಯ ರೆಸಿಸ್ಟರ್ 10ಕೆ ಅಲ್ಲ, 100 ಓಮ್. ನೀಲಿ ಮೈ ಮೇಲೆ ಬೆಲೆ ತಿಳಿಸುವ ಐದು ಬಣ್ಣದ ಪಟ್ಟಿ, ನಾಲ್ಕನೆಯದು ಕೆಂಪು ಇರಬೇಕಿತ್ತು, ಇದ್ದದ್ದು ಕಪ್ಪು. ಉಳಿದ ನಾಲ್ಕೂ ಪಟ್ಟಿ ಒಂದೇ. ಬೆಸುಗೆಯಲ್ಲಿ ಏನೂ ತಪ್ಪಿರಲಿಲ್ಲ. ಹಾಕುವ ಮೊದಲು ಮೀಟರಿನಲ್ಲಿ ಅಳೆದಿದ್ದರೆ ಮುಗಿದಿತ್ತು.

ಆ ರೆಸಿಸ್ಟರನ್ನು ತೆಗೆಯುವಾಗ ಎಳೆಯಲಿಲ್ಲ. ಮೈಯನ್ನೇ ಕಟರಿನಿಂದ ಕತ್ತರಿಸಿ, ಒಂದೊಂದು ಕಾಲನ್ನೂ ಬೇರೆಬೇರೆಯಾಗಿ ಕಾಯಿಸಿ ಬಿಡಿಸಿದೆ. ಹಳೇ ಬೆಸುಗೆಗೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿದರೆ ಬೇಗ ಕರಗುತ್ತೆ. ಇದು ಉಲ್ಟಾ ಅನಿಸುತ್ತೆ, ಅಲ್ವಾ? ಆದರೆ ಹೊಸ ಫ್ಲಕ್ಸ್ ಅಲ್ಲೇ ಕೆಲಸ ಮಾಡುತ್ತೆ. ರಂಧ್ರದಲ್ಲಿ ಉಳಿದದ್ದನ್ನು ವಿಕ್ ಅನ್ನೋ ತಾಮ್ರದ ಹೆಣೆದ ಪಟ್ಟಿ ಹೀರಿಕೊಳ್ಳುತ್ತೆ.

ಇನ್ನು ಕೆಲವು ಸಣ್ಣವು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಪಟ್ಟಿ ಇರುವ ಕಡೆ ಮೈನಸ್, ಉಲ್ಟಾ ಹಾಕಿದರೆ ಉಬ್ಬಿ ಒಡೆಯಬಹುದು. ಪೆಡಲ್‌ಗಳ 9 ವೋಲ್ಟ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್, ಹೊರಗಿನದು ಪ್ಲಸ್. ಬೇರೆ ಯಾವುದೋ ಸಾಧನದ್ದು ಸುಮ್ನೆ ಚುಚ್ಚಬೇಡಿ, ಹಲವು ಅದಕ್ಕೆ ಉಲ್ಟಾ ಇರುತ್ತವೆ. ಪೊಟೆನ್ಶಿಯೋಮೀಟರಿನ (ನಾಬ್ ಕೂರುವ ಭಾಗದ) ಲೋಹದ ಬೆನ್ನು ಬೋರ್ಡಿಗೆ ತಾಗದಂತೆ ನಡುವೆ ಟೇಪ್ ಹಾಕಿ. ಐಸಿಗೆ ಸಾಕೆಟ್ ಇರಲಿ. ನಾನು ನೇರ ಬೆಸೆದಿದ್ದರಿಂದ ಅನುಮಾನ ಬಂದರೂ ಅದನ್ನು ತೆಗೆದು ನೋಡೋಕೆ ಆಗಲಿಲ್ಲ.

ಕಿತ್ತುಹೋದ ಪ್ಯಾಡಿನ ದಾರಿ ಹುಡುಕಿ, ಅದು ಸೇರಬೇಕಿದ್ದ ಮುಂದಿನ ರೆಸಿಸ್ಟರಿನ ಕಾಲಿಗೆ ಒಂದು ತುಂಡು ಕೆಂಪು ವೈರ್ ಎಳೆದಿದ್ದೇನೆ. ಪೆಡಲ್ ಈಗ ಚೆನ್ನಾಗಿ ಗರ್ಜಿಸುತ್ತೆ. ಮುಚ್ಚಳ ಬಿಚ್ಚಿ ತೋರಿಸು ಅಂದರೆ ಮಾತ್ರ ಮಾತು ಮರೆಸುತ್ತೇನೆ.