ಚುಕ್ಕಿಯ ತಟ್ಟೆಗೆ ಬಿದ್ದದ್ದು: ಮೊಸರನ್ನ, ಕೋಳಿ, ಈಲಿ (ಲಿವರ್), ಮೀನು

ತಟ್ಟೆಯಲ್ಲಿರುವುದು ಬೇಡವಾದರೆ ನಮ್ಮ ಬೆಕ್ಕು ಚುಕ್ಕಿ ಸುಮ್ಮನೆ ಎದ್ದು ಹೋಗುವುದಿಲ್ಲ. ಮುಂಗಾಲಿನಿಂದ ತಟ್ಟೆಯ ಸುತ್ತ ನೆಲ ಕೆರೆದು, ಮಣ್ಣೆಳೆದು ಮುಚ್ಚುವ ಹಾಗೆ ಮಾಡಿ ಹೋಗುತ್ತಾಳೆ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಎರಡು ಹಲ್ಲು ಕೀಳಿಸಬೇಕಾಯಿತು. ಒಂಬತ್ತು ವರ್ಷದವಳು. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದ ಕಾಳು ಕಡಿಯಲಾಗದೆ 3.6 ಕೆಜಿ ಇದ್ದವಳು 3.1ಕ್ಕೆ ಇಳಿದಳು. ಡಬ್ಬಿಯ ಮೆತ್ತನೆ ಆಹಾರ ದಿನಾ ಕೊಡುವಷ್ಟು ನಮಗೆ ಕೈ ಹರಿಯುವುದಿಲ್ಲ. ಹಾಗಾಗಿ ಮೈಸೂರಿನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಸುಮಾರು ಎರಡು ತಿಂಗಳು ಒಂದೊಂದನ್ನೇ ಮಾಡಿ ನೋಡಿದೆ. ಇಟ್ಟದ್ದೆಷ್ಟು, ಮಿಕ್ಕದ್ದೆಷ್ಟು ಎಂದು ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಜೊತೆಗೆ ನಮ್ಮ ಇನ್ನೊಂದು ಬೆಕ್ಕು, ಮೂರು ವರ್ಷದ ಕರಿಯನೂ ಇದ್ದ.

ಮೊದಲು ಅತ್ತೆ ಹೇಳಿದ ಮೊಸರನ್ನ. "ಮದ್ದೂರಿನ ನಮ್ಮನೆ ಬೆಕ್ಕುಗಳೆಲ್ಲ ಇದನ್ನೇ ತಿಂದು ಬೆಳದ್ವು ಕಣಮ್ಮ" ಅಂದರು. ಸುಳ್ಳಲ್ಲ. ಆದರೆ ಆ ಬೆಕ್ಕುಗಳಿಗೆ ಕಣಜದ ತುಂಬ ಇಲಿಗಳಿದ್ದವು. ಮಾಂಸ, ಮೂಳೆ, ಗುಂಡಿಗೆ ಎಲ್ಲ ಅಲ್ಲಿಂದಲೇ ಸಿಗುತ್ತಿತ್ತು. ಮನೆಯೊಳಗೇ ಇರುವ ಚುಕ್ಕಿಗೆ ಅದಿಲ್ಲ. ಕರಿಯ ಮೊಸರಷ್ಟನ್ನು ನೆಕ್ಕಿದ, ಚುಕ್ಕಿ ನೆಲ ಕೆರೆದಳು. ಎರಡೇ ದಿನಕ್ಕೆ ಬಿಟ್ಟೆ.

ಆಮೇಲೆ ಕೋಳಿ. ಎದೆ ಮಾಂಸಕ್ಕೂ ತೊಡೆ ಮಾಂಸಕ್ಕೂ ಇಷ್ಟು ವ್ಯತ್ಯಾಸ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೋನ್‌ಲೆಸ್ ಎದೆ ಮಾಂಸ ಬಿಡಿಸುವುದು ಸುಲಭ, ನೋಡಲೂ ಚೊಕ್ಕ. ಮೊದಲ ದಿನ ಇಟ್ಟ 50 ಗ್ರಾಂ ಪೂರ್ತಿ ಖಾಲಿ. ಮೂರನೇ ದಿನಕ್ಕೆ 30 ಗ್ರಾಂ ಹಾಗೇ ಒಣಗಿ ನಾರಾಗಿತ್ತು. ತೊಡೆ ಮಾಂಸ ಬೇಯಿಸಿದರೆ ಜಿಡ್ಡು ಬಿಡುತ್ತದೆ, ವಾಸನೆ ಹಾಲ್‌ವರೆಗೂ ಬರುತ್ತದೆ. ಮುಚ್ಚಳ ತೆಗೆಯುವ ಮೊದಲೇ ಚುಕ್ಕಿ ಬಾಗಿಲಲ್ಲಿರುತ್ತಾಳೆ. ಅದಕ್ಕೆ ಒಂದೆರಡು ಕೋಳಿ ಗುಂಡಿಗೆ ಹೆಚ್ಚಿ ಹಾಕಿದ ವಾರ ತಟ್ಟೆಯಲ್ಲಿ ಒಂದು ದಿನವೂ ಏನೂ ಮಿಗಲಿಲ್ಲ.

ಗುಂಡಿಗೆ ಹಾಕಲು ಹೇಳಿದ್ದು ಡಾಕ್ಟರು. ಬೆಕ್ಕಿನ ದೇಹ ಟೌರಿನ್ ಎಂಬ ಅಂಶವನ್ನು ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಬರಬೇಕು. ಕಡಿಮೆಯಾದರೆ ಕಣ್ಣು ಕೆಡುತ್ತದೆ, ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. ಈ ಹೃದಯದ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿಕೊಟ್ಟದ್ದು 1987ರಲ್ಲಿ. ಅಲ್ಲಿಯವರೆಗೆ ಅಂಗಡಿಯ ಆಹಾರ ತಿನ್ನುತ್ತಿದ್ದ ಬೆಕ್ಕುಗಳೂ ಹೀಗೆ ಸಾಯುತ್ತಿದ್ದವಂತೆ. ಎದೆ ಮಾಂಸದಲ್ಲಿ ಟೌರಿನ್ ಕಡಿಮೆ, ತೊಡೆಯಲ್ಲಿ ಹೆಚ್ಚು, ಗುಂಡಿಗೆಯಲ್ಲಿ ಇನ್ನೂ ಹೆಚ್ಚು. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತದೆ. ಮೊದಮೊದಲು ಆ ನೀರನ್ನು ನಾನು ಬಸಿದು ಚೆಲ್ಲುತ್ತಿದ್ದೆ! ಈಗ ಒಂದು ತೊಟ್ಟೂ ಬಿಡದೆ ತಟ್ಟೆಗೇ ಸುರಿಯುತ್ತೇನೆ.

ರುಚಿಯಲ್ಲಿ ಎಲ್ಲವನ್ನೂ ಸೋಲಿಸಿದ್ದು ಕೋಳಿ ಈಲಿ. ಇಬ್ಬರೂ ತಟ್ಟೆ ತೊಳೆದಂತೆ ನೆಕ್ಕಿದರು. ಮೂರು ದಿನ ಅದನ್ನೇ ಕೊಟ್ಟು, ಗೆದ್ದೆ ಅಂದುಕೊಂಡಿದ್ದೆ. ಡಾಕ್ಟರು ನಿಲ್ಲಿಸಿದರು. ಈಲಿಯಲ್ಲಿ ಎ ವಿಟಮಿನ್ ತುಂಬಾ ಇರುತ್ತದೆ. ದಿನಾ ತಿಂದರೆ ಮೈಯಲ್ಲಿ ಕೂಡಿಕೊಂಡು ಕತ್ತಿನ, ಬೆನ್ನಿನ ಮೂಳೆಗಳು ಬೆಸೆದುಕೊಂಡು ಬೆಕ್ಕಿಗೆ ತಲೆ ತಿರುಗಿಸುವುದೂ ಕಷ್ಟವಾಗುತ್ತದೆ. ಈಗ ಒಂದು ಕೆಜಿ ಮಾಂಸಕ್ಕೆ 50 ಗ್ರಾಂ ಮಾತ್ರ.

ಮೀನಿನ ವಿಷಯಕ್ಕೆ ಬಂದರೆ ಇಬ್ಬರದೂ ಬೇರೆ ಬೇರೆ ದಾರಿ. ಕೆ.ಆರ್.ಎಸ್. ಕಡೆಯಿಂದ ಬರುವ ಜಿಲೇಬಿ ಮೀನು ಕರಿಯನಿಗೆ ಪ್ರಾಣ, ಚುಕ್ಕಿ ಮೂಸಿಯೂ ನೋಡಲಿಲ್ಲ. ಅದರ ಮುಳ್ಳು ಆರಿಸುವಷ್ಟರಲ್ಲಿ ನನ್ನ ಅರ್ಧ ಗಂಟೆ ಹೋಗುತ್ತದೆ. ಕರಾವಳಿಯ ಮತ್ತಿಯನ್ನು ಮಾತ್ರ ಅವಳು ಗುರುಗುಟ್ಟುತ್ತಾ ತಿಂದಳು. ಆದರೂ ಮೀನು ವಾರಕ್ಕೆ ಒಂದೇ ಸಲ, ಅದೂ ಬೇಯಿಸಿಯೇ. ಕೆಲವು ಮೀನುಗಳನ್ನು ಹಸಿಯಾಗಿ ಕೊಟ್ಟರೆ ಅದರೊಳಗಿನ ಒಂದು ಕಿಣ್ವ ಬಿ1 ವಿಟಮಿನ್ ಅನ್ನು ನಾಶ ಮಾಡುತ್ತದೆ. ಬೇಯಿಸಿದರೆ ಆ ಭಯವಿಲ್ಲ.

ಇಷ್ಟೆಲ್ಲ ಹೋಲಿಸಿದ ಮೇಲೆ ನನಗನಿಸಿದ್ದು, ಏನು ಕೊಟ್ಟೆ ಅನ್ನುವಷ್ಟೇ ಮುಖ್ಯ ಹೇಗೆ ಕೊಟ್ಟೆ ಅನ್ನುವುದು. ಅದೇ ತೊಡೆ ಮಾಂಸವನ್ನು ಫ್ರಿಜ್‌ನಿಂದ ತೆಗೆದು ಹಾಗೇ ಇಟ್ಟ ದಿನ ಚುಕ್ಕಿ 10 ಗ್ರಾಂ ತಿಂದಳು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು, ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಮಾಡಿ ಕೊಟ್ಟ ದಿನ 45 ಗ್ರಾಂ. ಬೆಕ್ಕಿನ ಮೈಶಾಖ ಸುಮಾರು 38 ಡಿಗ್ರಿ. ಆಗ ತಾನೇ ಹಿಡಿದ ಇಲಿಯೂ ಹಾಗೇ ಬೆಚ್ಚಗಿರುತ್ತದಲ್ಲ. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ವಾಸನೆ ಇಲ್ಲದ್ದು ಅವಳ ಲೆಕ್ಕದಲ್ಲಿ ಊಟವೇ ಅಲ್ಲ.

"ಹಸುದ್ರೆ ತಾನೇ ತಿಂತದೆ ಬುಡವ್ವ" ಎಂದು ಪಕ್ಕದ ಮನೆಯ ಅಜ್ಜಿ ಹೇಳಿದ್ದರು. ದಯವಿಟ್ಟು ಬೆಕ್ಕಿನ ಮೇಲೆ ಈ ಮಾತನ್ನು ಪ್ರಯೋಗ ಮಾಡಬೇಡಿ. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಈಲಿಗೆ ತುಂಬಿಕೊಂಡು ಪ್ರಾಣಕ್ಕೇ ಬರುತ್ತದೆ, ದಪ್ಪಗಿರುವ ಬೆಕ್ಕಿಗಂತೂ ಇನ್ನೂ ಅಪಾಯ. ಒಮ್ಮೆಗೇ ಬದಲಾಯಿಸಿದಾಗ ನನ್ನ ಚುಕ್ಕಿ ಒಂದು ದಿನ ಬರೀ ನೀರಲ್ಲಿದ್ದಳು, ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನದಿಂದ ಹಳೆಯ ಕಾಳನ್ನೇ ಕೋಳಿ ನೀರಲ್ಲಿ ನೆನೆಸಿ, ಅದಕ್ಕೆ ಒಂದೇ ಚಮಚ ಮಾಂಸ ಸೇರಿಸಿದೆ. ಅರ್ಧಕ್ಕರ್ಧ ಆಗಲು ಮೂರು ವಾರ ಹಿಡಿಯಿತು. ಕರಿಯನಿಗೆ ನಾಲ್ಕು ದಿನ ಸಾಕಾಯಿತು.

ಆ ಅರ್ಧ ಕಾಳನ್ನು ನಾನು ಇನ್ನೂ ಬಿಟ್ಟಿಲ್ಲ. ಪೂರ್ತಿ ಮನೆ ಊಟವೇ ಬೇಕೆನ್ನುವವರು ಟೌರಿನ್ ಪುಡಿಯನ್ನೂ ಸುಣ್ಣದ ಅಂಶವನ್ನೂ ಡಾಕ್ಟರ ಹತ್ತಿರ ಅಳತೆ ಹಾಕಿಸಿಕೊಂಡೇ ಶುರು ಮಾಡಬೇಕು, ಯಾಕೆಂದರೆ ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಮಾತು: ಮನೆಯವರಿಗೆ ಮಾಡಿದ ಕೋಳಿ ಸಾರಿನಿಂದ ತುಂಡು ತೊಳೆದು ಕೊಡುವುದು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಂದರೂ ಅದರ ವಿಷ ಹೋಗುವುದಿಲ್ಲ. ಬೆಂದ ಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಹೋದ ವಾರ ಚುಕ್ಕಿಯ ತೂಕ 3.4 ಕೆಜಿ. ಬೆಳಗ್ಗೆ ಏಳಕ್ಕೆ ಅತ್ತೆಯೇ ಬಟ್ಟಲು ಬೆಚ್ಚಗೆ ಮಾಡಿ ಇಡುತ್ತಾರೆ, ಅವಳು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿರುತ್ತಾರೆ.