ರಸ್ಟ್‌ನ ಅರೇ, ಕಾನ್ಸ್ಟ್ ಫಂಕ್ಷನ್: ಫರ್ಮ್‌ವೇರ್ ಬರೆಯುವವರ ಕಣ್ಣಲ್ಲಿ

ಮೈಕ್ರೋಕಂಟ್ರೋಲರ್‌ಗಳಿಗೆ ಫರ್ಮ್‌ವೇರ್ ಬರೆಯುವುದು, ಅಂದರೆ ಯಂತ್ರಗಳೊಳಗಿನ ಪುಟ್ಟ ಚಿಪ್‌ಗಳನ್ನು ನಡೆಸುವ ಕೋಡ್ ಬರೆಯುವುದು, ನನ್ನ ಕೆಲಸ. ನಮ್ಮಲ್ಲಿ ಹೀಪ್ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿ) ಬಳಸುವುದಿಲ್ಲ. ಯಾವ ಬಫರ್ ಎಷ್ಟು ಬೈಟ್ ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು. ಹಾಗಾಗಿ ಯಾವುದೇ ಹೊಸ ಭಾಷೆಯಲ್ಲಿ ನಾನು ಮೊದಲು ನೋಡುವುದು ಅರೇಯನ್ನೇ, ಅಂದರೆ ಉದ್ದ ಮೊದಲೇ ಗೊತ್ತಿರುವ ಮೌಲ್ಯಗಳ ಸಾಲನ್ನು. ಈ ವಿಷಯದಲ್ಲಿ ರಸ್ಟ್ ಭಾಷೆ ನನಗೆ ತುಂಬಾ ಹಿಡಿಸಿದೆ. ತಕರಾರು ಇರುವುದು ಒಂದೇ, ಆದರೆ ಅದು ಸಣ್ಣದಲ್ಲ.

ಸಿಆರ್‌ಸಿ-32 ಕೋಷ್ಟಕವನ್ನೇ ತಗೊಳ್ಳಿ (ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ತಾಳೆ ಸಂಖ್ಯೆಯನ್ನು ಬೇಗ ಲೆಕ್ಕ ಹಾಕಲು ಬಳಸುವ ಪಟ್ಟಿ). 256 ಸಂಖ್ಯೆಗಳು, ಒಂದಕ್ಕೆ 4 ಬೈಟ್, ಒಟ್ಟು 1024 ಬೈಟ್. ಸಿ ಭಾಷೆಯಲ್ಲಾದರೆ ಬೇರೆ ಸ್ಕ್ರಿಪ್ಟ್‌ನಲ್ಲಿ ತಯಾರಿಸಿ ಫೈಲಿಗೆ ಅಂಟಿಸುತ್ತೇವೆ, ಇಲ್ಲವೇ ಬೂಟ್ ಆಗುವಾಗ ರ‍್ಯಾಮ್‌ನಲ್ಲಿ ತುಂಬುತ್ತೇವೆ. ರಸ್ಟ್‌ನಲ್ಲಿ ಒಂದು ಕಾನ್ಸ್ಟ್ ಫಂಕ್ಷನ್ (ಕಂಪೈಲ್ ಆಗುವಾಗಲೇ ಓಡಿಸಬಹುದಾದ ಫಂಕ್ಷನ್) ಬರೆದು ಅದರ ಫಲಿತಾಂಶವನ್ನು ಮೆಮೊರಿಯಲ್ಲಿ ಒಂದೇ ಸ್ಥಿರ ಜಾಗವಿರುವ ಸ್ಟ್ಯಾಟಿಕ್‌ಗೆ ಕೊಟ್ಟರೆ ಸಾಕು, ಲೆಕ್ಕವೆಲ್ಲ ಕಂಪೈಲರ್‌ನದು. ಕೋಷ್ಟಕ ಸೀದಾ ಫ್ಲ್ಯಾಶ್‌ಗೆ ಇಳಿಯುತ್ತದೆ. (ಸ್ಟ್ಯಾಟಿಕ್ ಬದಲು ಕಾನ್ಸ್ಟ್ ಎಂದು ಬರೆಯಬೇಡಿ, ಬಳಸಿದ ಕಡೆಯೆಲ್ಲ ನಕಲು ಹುಟ್ಟಬಹುದು.) ಫಾರ್ ಲೂಪ್ ಕಾನ್ಸ್ಟ್ ಫಂಕ್ಷನ್ ಒಳಗೆ ನಡೆಯುವುದಿಲ್ಲ, ವೈಲ್ ಬರೆಯಬೇಕು; ಅದಕ್ಕೆ ಒಗ್ಗಿಕೊಳ್ಳಬಹುದು.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಮುಂದಿನ ಸಾಲು. "123456789" ಎಂಬ ಒಂಬತ್ತು ಅಕ್ಷರಗಳ ಸಿಆರ್‌ಸಿ 3421780262 ಬರಬೇಕು. ಇದನ್ನೇ ಕೋಷ್ಟಕದ ಕೆಳಗೆ ಕಾನ್ಸ್ಟ್ ಅಸರ್ಟ್ (ಕಂಪೈಲ್ ಸಮಯದ ಪರೀಕ್ಷೆ) ಆಗಿ ಇಟ್ಟಿದ್ದೇನೆ. ಕೋಷ್ಟಕ ಹುಟ್ಟಿಸುವ ಪಾಲಿನಾಮಿಯಲ್‌ನಲ್ಲಿ ಒಂದು ಬಿಟ್ ಆಚೀಚೆಯಾದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ತಪ್ಪು ಕೋಷ್ಟಕ ಬೋರ್ಡ್ ಮುಟ್ಟುವುದೇ ಇಲ್ಲ.

ಅರೇಯ ಉದ್ದವನ್ನೇ ಜೆನೆರಿಕ್ ಆಗಿ (ಯಾವ ಉದ್ದಕ್ಕೂ ಹೊಂದುವಂತೆ) ಬರೆಯುವ ಸೌಲಭ್ಯ 2021ರ ಮಾರ್ಚ್‌ನಲ್ಲಿ, ರಸ್ಟ್ 1.51 ಆವೃತ್ತಿಯಲ್ಲಿ ಬಂತು. ಅದಕ್ಕೂ ಹಿಂದೆ ಒಂದು ಕಾಲದಲ್ಲಿ 32 ಅಂಶ ದಾಟಿದ ಅರೇಗಳನ್ನು ಹೋಲಿಸುವುದೇ ಪಾಡಾಗಿತ್ತು. ಆರಂಭದ ಮೌಲ್ಯ ಕೊಡುವ ಡಿಫಾಲ್ಟ್ ಟ್ರೇಟ್‌ಗೆ ಆ 32ರ ಗಡಿ ಇನ್ನೂ ಅಂಟಿಕೊಂಡಿದೆ.

ಈಗ ತಕರಾರು. ಎನ್ ಬೈಟಿನ ಪೇಲೋಡ್ (ಕಳಿಸಬೇಕಾದ ಡೇಟಾ) ತೆಗೆದುಕೊಂಡು, ಕೊನೆಗೆ ಸಿಆರ್‌ಸಿ ಸೇರಿಸಿ, ಎನ್ + 4 ಬೈಟಿನ ಅರೇ ಹಿಂದಿರುಗಿಸುವ ಫಂಕ್ಷನ್ ಬೇಕು. ಇಷ್ಟು ಸರಳ ಕೂಡಿಕೆಯನ್ನು ಸ್ಟೇಬಲ್ (ಎಲ್ಲರಿಗೂ ಬಿಡುಗಡೆಯಾದ ಸ್ಥಿರ ಆವೃತ್ತಿಯ) ಕಂಪೈಲರ್ ಟೈಪ್‌ನಲ್ಲಿ ಒಪ್ಪುವುದಿಲ್ಲ. ಎಮ್ ಎಂದು ಇನ್ನೊಂದು ಉದ್ದವನ್ನು ಕೇಳಿ, ಎಮ್ ಎನ್ನುವುದು ಎನ್ + 4ಕ್ಕೆ ಸಮವೇ ಎಂದು ಒಳಗೆ ಕಾನ್ಸ್ಟ್ ಬ್ಲಾಕ್‌ನಲ್ಲಿ ಪರೀಕ್ಷಿಸಬೇಕು; 2024ರ 1.79ರಿಂದ ಹೀಗೆ ಬರೆಯಬಹುದು. ಕೆಲಸ ನಡೆಯುತ್ತದೆ, ಆದರೆ ಕಾರ್ಗೋ ಚೆಕ್ (ಪೂರ್ತಿ ಬಿಲ್ಡ್ ಮಾಡದೆ ಬೇಗ ತಪ್ಪು ಹುಡುಕುವ ಆದೇಶ) ಈ ತಪ್ಪನ್ನು ಹಿಡಿಯುವುದಿಲ್ಲ, ಪೂರ್ತಿ ಬಿಲ್ಡ್ ಆಗುವವರೆಗೆ ಕಾಯಬೇಕು. ಇಷ್ಟು ಒಳ್ಳೆಯ ಸಾಧನದಲ್ಲಿ ಈ ಕೊರತೆ ಉಳಿದಿರುವುದು ನನಗೆ ಬೇಸರದ ಸಂಗತಿ.

ಕೋಷ್ಟಕ, ಬಫರ್, ಅಸರ್ಟ್ ಇಷ್ಟೇ ಬೇಕಿದ್ದರೆ ಧೈರ್ಯವಾಗಿ ರಸ್ಟ್ ಹಿಡಿಯಿರಿ. ಉದ್ದಗಳ ಕೂಡಿಕೆ, ಗುಣಾಕಾರವೇ ಕೋಡಿನ ತುಂಬಾ ಇದ್ದರೆ ಮೊದಲು ಜಿಗ್ ಭಾಷೆಯ ಕಾಂಪ್‌ಟೈಮ್ (ಕಂಪೈಲ್ ಸಮಯದಲ್ಲೇ ಕೋಡ್ ಓಡಿಸುವ ಸೌಲಭ್ಯ) ನೋಡಿ. ಅಲ್ಲಿ ಎನ್ + 4 ಅನ್ನು ಹಾಗೇ ಬರೆಯಬಹುದು.