ಹೊರದೇಶದ ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಅಭ್ಯರ್ಥಿಯ ಅಫಿಡವಿಟ್ ಓದಿ: ಚುನಾವಣಾ ಆಯೋಗದ ಪೋರ್ಟಲ್ ಎಷ್ಟು ಉಪಯೋಗ?

ಲೋಕಸಭಾ ಚುನಾವಣೆ ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಸಂದೇಶಗಳು ಓಡಾಡುತ್ತವೆ. ಅಮೆರಿಕದ ಪತ್ರಿಕೆ ಇಂಥ ನಾಯಕರನ್ನು ಕೊಂಡಾಡಿದೆ ಅನ್ನುವುದು ಒಂದು. ಯುರೋಪಿನ ಸಂಸ್ಥೆ ಅದೇ ನಾಯಕರ ಆಡಳಿತಕ್ಕೆ ಕಡಿಮೆ ಅಂಕ ಕೊಟ್ಟಿದೆ ಅನ್ನುವುದು ಇನ್ನೊಂದು. ಇವುಗಳಿಗೆ ಮತದಾರ ಎಷ್ಟು ಬೆಲೆ ಕೊಡಬೇಕು ಎಂದು ತೂಗುವ ಮೊದಲು ಒಂದು ಸರ್ಕಾರಿ ಸೇವೆಯನ್ನು ಬಳಸಿ ನೋಡಬೇಕು. ಅದು ಕೇಂದ್ರ ಚುನಾವಣಾ ಆಯೋಗದ ಅಭ್ಯರ್ಥಿಗಳ ಅಫಿಡವಿಟ್ ಪೋರ್ಟಲ್. ಅಫಿಡವಿಟ್ ಎಂದರೆ ಆದಾಯ, ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಬಗ್ಗೆ ಅಭ್ಯರ್ಥಿ ನಾಮಪತ್ರದ ಜೊತೆ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಪೋರ್ಟಲ್ ವಿಳಾಸ ಅಫಿಡವಿಟ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್. ದುಡ್ಡು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ.

ಇವಿಎಂನಲ್ಲಿ ನೀವು ಒತ್ತುವ ಗುಂಡಿಯ ಪಕ್ಕದಲ್ಲಿ ಇರುವುದು ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ. ವಿವಿಪ್ಯಾಟ್ ಗಾಜಿನ ಹಿಂದೆ 7 ಸೆಕೆಂಡ್ ಕಾಣುವ ಚೀಟಿಯಲ್ಲೂ ಅದೇ ಹೆಸರು. ಪ್ರಧಾನಿಯಾಗುವವರಿಗೆ ಬಹುಮತ ಒದಗಿಸುವವರು ಆ ಸಂಸದರು. ಪ್ಯಾರಿಸ್ಸಿನಿಂದ ಬರುವ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 180 ದೇಶಗಳ ಪೈಕಿ ಭಾರತ 2024ರಲ್ಲಿ 159ನೇ ಸ್ಥಾನದಲ್ಲಿತ್ತು, 2025ರಲ್ಲಿ 151ಕ್ಕೆ ಬಂತು. ದೇಶದ ಬಗ್ಗೆ ಯೋಚಿಸಲು ಅದು ಬೇಕು. ಆದರೆ ಕಡೂರಿನವರ ಎದುರು, ಬೇಲೂರಿನವರ ಎದುರು ನಿಂತ ಅಭ್ಯರ್ಥಿಯ ಬಗ್ಗೆ ಅಂಥ ವರದಿಯಲ್ಲಿ ಒಂದು ಸಾಲೂ ಸಿಗುವುದಿಲ್ಲ. ಅಫಿಡವಿಟ್‌ನಲ್ಲಿ ಪುಟಗಟ್ಟಲೆ ಸಿಗುತ್ತದೆ.

ಪೋರ್ಟಲ್ ತೆರೆದ ಮೇಲೆ ಚುನಾವಣೆ, ರಾಜ್ಯ, ಹಂತ, ಕ್ಷೇತ್ರ ಹೀಗೆ ಒಂದೊಂದಾಗಿ ಆರಿಸುತ್ತಾ ಹೋಗಬೇಕು. ನಮ್ಮ ಭಾಗದವರು ಎಡವುವುದು ಕ್ಷೇತ್ರದ ಹತ್ತಿರ. ಕಡೂರು ಚಿಕ್ಕಮಗಳೂರು ಜಿಲ್ಲೆಯದಾದರೂ ಲೋಕಸಭೆಗೆ ಹಾಸನ ಕ್ಷೇತ್ರಕ್ಕೆ ಸೇರಿದೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಯವರು ಉಡುಪಿ–ಚಿಕ್ಕಮಗಳೂರು ಎಂದು ಹುಡುಕಬೇಕು. ಬರೀ ಚಿಕ್ಕಮಗಳೂರು ಎಂದು ಹುಡುಕಿದರೆ ವಿಧಾನಸಭಾ ಕ್ಷೇತ್ರ ಎದುರಾಗುತ್ತದೆ. 2024ರಲ್ಲಿ ಈ ಎರಡೂ ಲೋಕಸಭಾ ಕ್ಷೇತ್ರಗಳಿಗೆ ದೇಶದ 2ನೇ ಹಂತದಲ್ಲಿ, ಏಪ್ರಿಲ್ 26ರಂದು ಮತದಾನ ನಡೆಯಿತು. ಹಂತ ತಪ್ಪಾಗಿ ಆರಿಸಿದರೆ ನಿಮ್ಮ ಕ್ಷೇತ್ರ ಪಟ್ಟಿಯಲ್ಲೇ ಇರುವುದಿಲ್ಲ.

ಒಬ್ಬರದೇ ಹೆಸರು ಮೂರು ನಾಲ್ಕು ಸಲ ಕಂಡರೆ ಗಾಬರಿ ಬೇಡ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ 4 ನಾಮಪತ್ರಗಳವರೆಗೆ ಸಲ್ಲಿಸಬಹುದು. ನಾಮಪತ್ರ ಅಂಗೀಕಾರವಾಗಿ ಕಣದಲ್ಲಿ ಉಳಿದವರನ್ನು ಮಾತ್ರ ತೋರಿಸುವಂತೆ ಆರಿಸಿಕೊಂಡು, ಕೊನೆಯ ದಿನಾಂಕದ ಅಫಿಡವಿಟ್ ತೆರೆಯಿರಿ. ಮೊದಲ ಅಫಿಡವಿಟ್‌ನಲ್ಲಿ ಬಿಟ್ಟುಹೋದದ್ದನ್ನು ಎರಡನೆಯದರಲ್ಲಿ ಸೇರಿಸುವುದುಂಟು, ಹಾಗಾಗಿ ಬಿಡುವಿದ್ದವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಈ ಅಫಿಡವಿಟ್ ನಮೂನೆ 26ರಲ್ಲಿರುತ್ತದೆ. ಅವಸರದಲ್ಲಿರುವವರು ಕೊನೆಗೆ ಹೋಗಿ ಭಾಗ ‘ಬಿ’ ನೋಡಬಹುದು, ಅದು ಸಾರಾಂಶ. ನಿಜವಾದ ಸಂಗತಿ ಇರುವುದು ಭಾಗ ‘ಎ’ಯಲ್ಲಿ. ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಕುಟುಂಬ, ಅವಲಂಬಿತರು ಇಷ್ಟೂ ಮಂದಿಯ 5 ವರ್ಷಗಳ ಆದಾಯ ಒಂದು ಪಟ್ಟಿಯಲ್ಲಿದೆ. ಕಾಫಿ ನಾಡಿನ ಅಭ್ಯರ್ಥಿಯಾದರೆ ಈ ಪಟ್ಟಿಯನ್ನು ಎಚ್ಚರದಿಂದ ಓದಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರರೇ ಕಾಫಿ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಗಳ ಪ್ರಕಾರ ಲಾಭದ ಶೇ 25ರಷ್ಟು ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ನೂರಾರು ಎಕರೆ ತೋಟದ ಧಣಿಯ ರಿಟರ್ನ್‌ನಲ್ಲಿ ಆದಾಯ ಸಣ್ಣದಾಗಿ ಕಂಡರೆ ಅಷ್ಟರಿಂದಲೇ ಕಳ್ಳಲೆಕ್ಕ ಎನ್ನಲಾಗದು. ಆದಾಯ ಇದ್ದಲ್ಲೇ ಇದ್ದು, ಐದು ವರ್ಷದಲ್ಲಿ ನಿವೇಶನ, ಕಟ್ಟಡ, ಠೇವಣಿ ಮಾತ್ರ ಎತ್ತರಕ್ಕೆ ಬೆಳೆದಿದ್ದರೆ ಕೇಳಬೇಕಾದ ಪ್ರಶ್ನೆ ಅಲ್ಲಿದೆ.

ಜಮೀನಿನ ಕಲಂ ಬಹಳ ಫಲವತ್ತಾದದ್ದು. ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ, ಇವತ್ತಿನ ಬೆಲೆ ಎಲ್ಲವನ್ನೂ ಬರೆಯಬೇಕು. ಸಕಲೇಶಪುರ ತಾಲ್ಲೂಕಿನ ಒಂದು ಸರ್ವೆ ನಂಬರಿನಲ್ಲಿ 4 ಎಕರೆ 20 ಗುಂಟೆ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಹಾಕಿ ಪಹಣಿ ತೆಗೆಯಿರಿ. 9ನೇ ಕಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಹೇಗೆ ಬಂತು ಎಂಬುದು, 11ರಲ್ಲಿ ಸಾಲ ಮತ್ತು ಋಣ. ಅಫಿಡವಿಟ್‌ನ ಹೊಣೆಗಾರಿಕೆ ಪಟ್ಟಿಯಲ್ಲಿ ಇಲ್ಲದ ಬ್ಯಾಂಕ್ ಸಾಲ ಪಹಣಿಯ 11ರಲ್ಲಿ ಕುಳಿತಿದ್ದರೆ ಗುರುತು ಹಾಕಿಕೊಳ್ಳಿ. ಆದರೆ ಜಂಟಿ ಖಾತೆ ನಮ್ಮಲ್ಲಿ ಸಾಮಾನ್ಯ. ಪಹಣಿ ಅಣ್ಣತಮ್ಮಂದಿರ ಪೂರ್ತಿ ವಿಸ್ತೀರ್ಣ ತೋರಿಸುತ್ತದೆ, ಅಭ್ಯರ್ಥಿ ತನ್ನ ಪಾಲನ್ನಷ್ಟೇ ಬರೆದಿರುತ್ತಾರೆ. ಒಂದು ವ್ಯತ್ಯಾಸ ಕಂಡ ಕೂಡಲೇ ಸುಳ್ಳುಗಾರ ಎಂದು ಗುಂಪಿಗೆ ಹಾಕುವುದು ಅನ್ಯಾಯ. ಇನ್ನು ಮಲೆನಾಡಿನ ಒತ್ತುವರಿ ಜಾಗ. ಅದು ಪಹಣಿಯಲ್ಲಿ ಅವರ ಹೆಸರಿಗೆ ಬರುವುದಿಲ್ಲ, ಇಂಥ ಹೋಲಿಕೆಯಿಂದ ಸಿಕ್ಕಿಬೀಳುವುದೂ ಇಲ್ಲ. ಈ ಸೇವೆಯ ದೊಡ್ಡ ಕುರುಡು ಜಾಗ ಇದೇ.

ವಿದೇಶದ ವಿಷಯಕ್ಕೂ ಇಲ್ಲಿ ಜಾಗ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಹೊರದೇಶದ ಬ್ಯಾಂಕಿನಲ್ಲಿಟ್ಟ ಠೇವಣಿ, ಹೂಡಿಕೆ, ಅಲ್ಲಿನ ಆಸ್ತಿ, ಸಾಲ ಎಲ್ಲವನ್ನೂ ನಮೂನೆ 26ರಲ್ಲಿ ಘೋಷಿಸಬೇಕು. ಹೊರಗಿನ ಪತ್ರಿಕೆ ಅಭ್ಯರ್ಥಿಯ ಬಗ್ಗೆ ಏನು ಬರೆಯಿತು ಎಂಬುದಕ್ಕಿಂತ ಹೊರಗೆ ಅವರ ದುಡ್ಡು ಎಲ್ಲಿದೆ ಎಂಬುದು ಮತದಾರನಿಗೆ ಹೆಚ್ಚು ಬೇಕಾದ ಮಾಹಿತಿ.

ಕ್ರಿಮಿನಲ್ ಪ್ರಕರಣಗಳ ಭಾಗದಲ್ಲಿ ಎಫ್‌ಐಆರ್ ದಾಖಲಾಗಿರುವುದು ಬೇರೆ, ನ್ಯಾಯಾಲಯ ಆರೋಪ ನಿಗದಿ ಮಾಡಿರುವುದು ಬೇರೆ. ರಸ್ತೆ ತಡೆ ಪ್ರತಿಭಟನೆಯ ಕೇಸು ಮತ್ತು ವಂಚನೆಯ ಕೇಸು ಎರಡೂ ಎಣಿಕೆಯಲ್ಲಿ ಒಂದೊಂದೇ ಆಗುತ್ತವೆ. ಸಂಖ್ಯೆ ಬಿಟ್ಟು ಸೆಕ್ಷನ್ ಓದಿ.

ತೊಡಕುಗಳೂ ಇವೆ. ಹೆಚ್ಚಿನವು ಸ್ಕ್ಯಾನ್ ಮಾಡಿದ ಚಿತ್ರಗಳು, ಒಳಗೆ ಪದ ಹುಡುಕಲು ಆಗುವುದಿಲ್ಲ. ನೋಟರಿ ಮೊಹರು ಅಂಕಿಯ ಮೇಲೇ ಬಿದ್ದಿರುತ್ತದೆ. ಮೊಬೈಲ್‌ನಲ್ಲಿ ಕಣ್ಣು ಕೀಲಿಸಿ ಓದುವ ಬದಲು ಡೌನ್‌ಲೋಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ. ಖಾಲಿ ಬಿಟ್ಟ ಕಲಂ ಕಂಡರೆ ನೆನಪಿಡಿ: ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಲೇಬೇಕು, ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

ಇದಕ್ಕಿಂತ ದೊಡ್ಡ ಕೊರತೆ ಎಂದರೆ, ಬರೆದದ್ದು ನಿಜವೇ ಎಂದು ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಅಫಿಡವಿಟ್‌ನ ಮಾಹಿತಿಗೆ ವಿರುದ್ಧವಾದ ದಾಖಲೆ ನಿಮ್ಮಲ್ಲಿದ್ದರೆ ನೀವೂ ಪ್ರತಿ ಅಫಿಡವಿಟ್ ಸಲ್ಲಿಸಬಹುದು, ಅದನ್ನೂ ಸಾರ್ವಜನಿಕರಿಗೆ ಪ್ರದರ್ಶಿಸುತ್ತಾರೆ. ಸುಳ್ಳು ಮಾಹಿತಿಗೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 125ಎ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಫಲಿತಾಂಶದ ನಂತರ ತಕರಾರು ಅರ್ಜಿಗೆ 45 ದಿನ. ಹಾಸನಕ್ಕೆ ಇದರ ಅನುಭವವಿದೆ. 2019ರ ಹಾಸನ ಲೋಕಸಭಾ ಆಯ್ಕೆಯನ್ನು ಹೈಕೋರ್ಟ್ ಅಸಿಂಧು ಎಂದದ್ದು 2023ರ ಸೆಪ್ಟೆಂಬರ್ 1ರಂದು. ಆಸ್ತಿ ವಿವರ ಮುಚ್ಚಿಟ್ಟದ್ದು ಅದರ ಮುಖ್ಯ ತಕರಾರುಗಳಲ್ಲೊಂದು. ಆಮೇಲೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಕೋರ್ಟು ಓದುವ ಮೊದಲೇ ಊರಿನವರು ಓದಿದರೆ ಈ ಸೇವೆಯ ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಹಾಗಾದರೆ ಹೊರಗಿನವರ ಮಾತಿಗೆ ಕಿವಿ ಮುಚ್ಚಿಕೊಳ್ಳಬೇಕೆ? ಬೇಡ. ಚಿಕ್ಕಮಗಳೂರಿಗೆ ಇದರ ಹಳೆಯ ಪಾಠವೇ ಇದೆ. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಇಲ್ಲಿ ವೀರೇಂದ್ರ ಪಾಟೀಲರ ವಿರುದ್ಧ ನಿಂತರು. ತುರ್ತುಪರಿಸ್ಥಿತಿಗಾಗಿ ವಿದೇಶಿ ಪತ್ರಿಕೆಗಳು ಅವರನ್ನು ಕಟುವಾಗಿ ಟೀಕಿಸಿದ್ದವು. ಕ್ಷೇತ್ರದ ಜನ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು. ಅದು ಸರಿಯೋ ತಪ್ಪೋ ಎಂಬ ವಾದ ಇವತ್ತಿಗೂ ನಿಂತಿಲ್ಲ. ಆದರೆ 1975ರಿಂದ 77ರವರೆಗೆ ಇಲ್ಲಿನ ಪತ್ರಿಕೆಗಳಿಗೆ ಸೆನ್ಸಾರ್ ಇದ್ದಾಗ ಬಂಧನಗಳ ಸುದ್ದಿ ತಿಳಿಯಲು ಜನ ಬಿಬಿಸಿ ರೇಡಿಯೊ ಹಾಕುತ್ತಿದ್ದರು. ಹೊರಗಿನಿಂದ ಬರುವ ಸುದ್ದಿ ಬೇರೆ, ಹೊರಗಿನಿಂದ ಬರುವ ತೀರ್ಪು ಬೇರೆ. ಸುದ್ದಿಯನ್ನು ತೆಗೆದುಕೊಳ್ಳಿ, ಪರೀಕ್ಷಿಸಿ. ತೀರ್ಪು ಕೊಡುವ ಅಧಿಕಾರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರದು.

ಹಾಸನದ ಕಡೆಯ ಉದಾಹರಣೆ 1996ರದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದಾಗ, ಅಣ್ವಸ್ತ್ರ ಪರೀಕ್ಷೆ ನಿಷೇಧಿಸುವ ಸಿಟಿಬಿಟಿ ಒಪ್ಪಂದಕ್ಕೆ ಸಹಿ ಹಾಕುವಂತೆ ದೊಡ್ಡ ದೇಶಗಳ ಒತ್ತಡ ಇತ್ತು. ಭಾರತ ಜಿನೀವಾದಲ್ಲಿ ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರ್ 12ರಂದು ಅದೇ ಸರ್ಕಾರ ಬಾಂಗ್ಲಾದೇಶದ ಜೊತೆ 30 ವರ್ಷಗಳ ಗಂಗಾ ನೀರು ಹಂಚಿಕೆ ಒಪ್ಪಂದ ಮಾಡಿಕೊಂಡಿತು. ಹೊರಗಿನವರು ಮೆಚ್ಚಿದರೋ ಮುನಿದರೋ ಎಂದು ಅಳೆದರೆ ಒಂದರಲ್ಲಿ ಫೇಲು, ಇನ್ನೊಂದರಲ್ಲಿ ಪಾಸು. ನಾಯಕನನ್ನು ಅಳೆಯುವ ಕೋಲು ಅದಲ್ಲ.

ಹೊರಗಿನ ನಿರ್ಧಾರ ನಮ್ಮ ಅಂಗಳಕ್ಕೇ ಬರುವ ಕಡೆ ಮಾತ್ರ ಅಭ್ಯರ್ಥಿಯನ್ನು ನಿಲ್ಲಿಸಿ ಕೇಳಲೇಬೇಕು. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಅಂಥದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟದ ಸ್ಥಳದ ಗುರುತು ಕೊಡಬೇಕು, 4 ಹೆಕ್ಟೇರ್ ಅಂದರೆ ಸುಮಾರು 10 ಎಕರೆ ಮೀರಿದರೆ ಗಡಿಯ ಪೂರ್ತಿ ನಕ್ಷೆ ಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಇಟಲಿ ದೊಡ್ಡ ಗಿರಾಕಿ. ಎರಡೆಕರೆಯ ಬೆಳೆಗಾರರ ಮ್ಯಾಪಿಂಗ್ ಖರ್ಚು ಯಾರು ಹೊರುತ್ತಾರೆ, ಜಂಟಿ ಖಾತೆಯ ತೋಟದ ಗಡಿ ಯಾರ ಹೆಸರಿನಲ್ಲಿ ಗುರುತಾಗುತ್ತದೆ, ವಾಣಿಜ್ಯ ಸಚಿವಾಲಯದ ಮುಂದೆ ನೀವು ಏನು ಇಡುತ್ತೀರಿ ಎಂದು ಕೇಳಿ. ಇದಕ್ಕೆ ಉತ್ತರ ಪೋರ್ಟಲ್‌ನಲ್ಲಿಲ್ಲ, ಅಭ್ಯರ್ಥಿಯ ಬಾಯಿಂದಲೇ ಬರಬೇಕು.

ಮಾಹಿತಿಯ ತೂಕಕ್ಕೆ ಈ ಸೇವೆಗೆ ಐದಕ್ಕೆ ನಾಲ್ಕು ಕೊಡಬಹುದು, ಬಳಕೆಯ ಸುಲಭಕ್ಕೆ ಎರಡು. ಸಮಯ ಹೆಚ್ಚಿರುವುದಿಲ್ಲ ಎಂಬುದು ತಲೆಯಲ್ಲಿರಲಿ. 2024ರಲ್ಲಿ ನಾಮಪತ್ರ ವಾಪಸಿಗೆ ಏಪ್ರಿಲ್ 8 ಕೊನೆಯ ದಿನವಾಗಿತ್ತು, ಮತದಾನಕ್ಕೆ ಉಳಿದದ್ದು 18 ದಿನ. ಕಣ ಅಂತಿಮವಾದ ದಿನವೇ ಎಲ್ಲ ಅಫಿಡವಿಟ್ ಇಳಿಸಿಕೊಂಡು, ಭಾಗ ‘ಬಿ’ಯ ಪ್ರಿಂಟ್ ತೆಗೆದು ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ನಾಲ್ಕು ಜನರ ಜೊತೆ ಕೂತು ಓದಿ. ಮತ ಕೇಳಲು ಮನೆಗೆ ಬಂದವರ ಮುಂದೆ ಅದೇ ಹಾಳೆ ಹಿಡಿದು, ಗುರುತು ಹಾಕಿದ ಸಾಲಿನ ಮೇಲೆ ಬೆರಳಿಟ್ಟು ಕೇಳಿ.